ಮಡಿಲಿಗೆ ಬಿದ್ದ ಮೊಟ್ಟೆ

“ಅವ್ವಾ, ಇದನ್ನ ಒಸಿ ಇಡ್ಕೊಂಡಿರವ್ವಾ!” ಎಂದು ಅಪರಿಚಿತ ಅಜ್ಜಿಯೊಬ್ಬರು ತಮ್ಮ ಕೋಳಿಯನ್ನು ನನ್ನ ಮಡಿಲಲ್ಲಿಟ್ಟು ಡಾಕ್ಟರನ್ನು ಕರೆಯಲು ಓಡಿದರು. ಅರಕಲಗೂಡಿನ ಕಡೆಯ ಹಳ್ಳಿಯೊಂದರ ಪಶು ಆಸ್ಪತ್ರೆಗೆ ನಾನು ನಾಯಿಗೆ ಲಸಿಕೆ ಹಾಕಿಸಲು ಹೋಗಿದ್ದೆ. ಮೊಟ್ಟೆ ಒಳಗೇ ಸಿಕ್ಕಿಕೊಂಡು ಕೋಳಿ ಒದ್ದಾಡುತ್ತಿತ್ತು. ಡಾಕ್ಟರು ಹಿತ್ತಲಲ್ಲಿ ಎಮ್ಮೆಯೊಂದಕ್ಕೆ ಕರು ಹಾಕಿಸುತ್ತಿದ್ದರು. ಕೋಳಿ ಕಣ್ಣು ಮುಚ್ಚಿತು. ಸತ್ತೇ ಹೋಯಿತೆಂದು ಹೆದರಿ ಅದರ ಹೊಟ್ಟೆಯನ್ನು ಮೆಲ್ಲಗೆ ನೇವರಿಸಿದೆ. ಕೋಳಿ ಕಣ್ಣು ಬಿಟ್ಟಿತು, ಸೀರೆ ಬೆಚ್ಚಗಾಯಿತು. ನೋಡಿದರೆ, ಮೊಟ್ಟೆ!

ಡಾಕ್ಟರೊಂದಿಗೆ ಓಡಿಬಂದ ಅಜ್ಜಿ ಕಣ್ಣೊರೆಸಿಕೊಂಡು ಮೊಟ್ಟೆಯನ್ನು ನನ್ನ ಕೈಗೇ ಕೊಟ್ಟರು: “ಎರ್ಗೆ ಮಾಡ್ಸಿದೋಳು ನೀನು. ಇದು ನಿಂದೇ ಕಣವ್ವಾ, ತಗಂಡೋಗು.”

ಆಮ್ಲೆಟ್ ಮಾಡಲು ಮನಸ್ಸು ಬರಲಿಲ್ಲ. ಮೊಟ್ಟೆ ಈಗ ಪಕ್ಕದ ಮನೆಯ ಕೋಳಿಯ ಕಾವಿನಲ್ಲಿದೆ. “ಮಗೂಗೆ ಏನ್ ಹೆಸರಿಡ್ತೀಯಾ?” ಎಂದು ನಮ್ಮ ಯಜಮಾನರು ದಿನಾ ರೇಗಿಸುತ್ತಾರೆ. ನಾನು ಆಗಲೇ ಒಂದು ಹೆಸರು ಯೋಚಿಸಿಟ್ಟಿರುವುದು ಅವರಿಗಿನ್ನೂ ಗೊತ್ತಿಲ್ಲ.