ನಾಲ್ಕನೇ ನಂಬರಿನ ಕೈ

ಆಸ್ಪತ್ರೆ ಹಿಂದಿನ ಓಣೀಲಿ ಮೂರು ರೂಮಿನ ಕಾರ್ಖಾನೆ ನಮ್ಮದು. ನಮ್ಮದು ಅಂದ್ರೆ ಯಜಮಾನರದ್ದು. ಕೈಕಾಲು ಹೋದವರಿಗೆ ಅಲ್ಲಿ ಕೈಕಾಲು ಮಾಡ್ತೀವಿ. ಮುಂದಿನ ರೂಮಲ್ಲಿ ಯಜಮಾನರ ಟೇಬಲ್ಲು, ಒಂದು ಕನ್ನಡಿ, ಗಿರಾಕಿ ಕೂರೋ ಕುರ್ಚಿ. ನಡುವಿನ ರೂಮಲ್ಲಿ ನಾನು ಪ್ಲಾಸ್ಟರ್ ಕಲಸಿ ಅಚ್ಚು ತೆಗೀತೀನಿ. ಹಿಂದಿನ ರೂಮಲ್ಲಿ ನನ್ನ ಹೆಂಡತಿ ರಬ್ಬರಿಗೆ ಬಣ್ಣ ಕಲಸೋಳು. ಇಪ್ಪತ್ತೆರಡು ವರ್ಷ ಬಲಗೈಯಲ್ಲಿ ಕಲಸಿದಳು.

ಅವಳ ತವರುಮನೇಲಿ ಅವಳನ್ನ ಮಸಿ ಅಂತ ಕರೀತಿದ್ರು. ಬೇರೆ ಹೆಸರೂ ಇತ್ತು, ಸ್ಕೂಲಲ್ಲಿ ಹಾಜರಿ ಕೂಗೋಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆ ಮನೇಲಿ ಅದೂ ಸುಳ್ಳಾಯ್ತು. ನೆಂಟರು ಬಂದ್ರೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಕೈ ಚಾಚಿಸಿ ಯಾರದು ಬೆಳ್ಳಗಿದೆ ನೋಡೋರಂತೆ. ಅಷ್ಟಕ್ಕಷ್ಟೇ ಇರೋ ಕೈ ಕೂಡ ಇವಳ ಕೈ ಪಕ್ಕ ಹಾಲಿನ ಹಾಗೆ ಕಾಣೋದು. ಅದಕ್ಕೆ ಎಲ್ಲ ಮಕ್ಕಳಿಗೂ ಇವಳ ಪಕ್ಕದಲ್ಲೇ ನಿಲ್ಲೋ ಆಸೆ. ಕರೆಂಟ್ ಹೋದ್ರೆ ಮೊದಲು ಮಸೀನ ಹುಡುಕಿ, ಯಾರಾದ್ರೂ ತುಳಿದುಬಿಟ್ಟಾರು ಅಂತ ಒಬ್ಬ ಚಿಕ್ಕಪ್ಪ ಅನ್ನೋನು. ಎಲ್ಲರೂ ನಗೋರು. ಇವಳೂ ನಗಬೇಕಿತ್ತು. ನಗದಿದ್ರೆ ಮುಖ ಊದಿಸ್ಕೊಂಡ್ಲು, ಇನ್ನೂ ಕಪ್ಪಗೆ ಕಾಣ್ತಾಳೆ ಅಂತ ಇನ್ನೊಂದು ಮಾತು.

ಆ ಸಾಲಲ್ಲಿ ನಿಂತೂ ನಿಂತೂ ಅವಳ ಕಣ್ಣು ಪಳಗಿತು. ಎರಡು ಕೈ ಪಕ್ಕಪಕ್ಕ ಇಟ್ರೆ, ಯಾವುದರಲ್ಲಿ ಕೆಂಪು ಜಾಸ್ತಿ, ಯಾವುದರಲ್ಲಿ ಹಳದಿ ಜಾಸ್ತಿ ಅಂತ ನೋಡಿದ ತಕ್ಷಣ ಹೇಳೋಳು. ಯಾರೂ ಹೇಳಿಕೊಟ್ಟಿದ್ದಲ್ಲ. ಪೆಟ್ಟು ತಿಂದೋನಿಗೆ ಕೋಲಿನ ಉದ್ದ ಗೊತ್ತಿರುತ್ತಲ್ಲ, ಹಾಗೆ.

ನನಗೆ ಎಡಗಾಲು ಮೊಣಕಾಲಿಂದ ಕೆಳಗಿಲ್ಲ. ಹತ್ತನೇ ವಯಸ್ಸಲ್ಲಿ ಲಾರಿ ಹತ್ತಿತ್ತು. ಕಾಲು ಹಾಕಿಸ್ಕೊಳೋಕೆ ಕಾರ್ಖಾನೆಗೆ ಬಂದೋನು ಅಲ್ಲೇ ಕೆಲಸಕ್ಕೂ ನಿಂತೆ. ನನಗೆ ಹೆಣ್ಣು ನೋಡುವಾಗ ನಮ್ಮಮ್ಮ, ಕುಂಟನಿಗೆ ಬಿಳೀದು ಯಾರು ಕೊಡ್ತಾರೆ, ಕರೀದಾದ್ರೆ ಸಿಗುತ್ತೆ ಅಂದ್ಲು. ಅವರ ಮನೆಯವರು, ಕರೀದಕ್ಕೆ ಎರಡು ಕಾಲಿರೋನು ಬರಲ್ಲ ಅಂದ್ರು. ಎರಡು ಕಡೆಯೋರೂ ನಿಟ್ಟುಸಿರು ಬಿಟ್ಟು ಒಪ್ಕೊಂಡ್ರು. ನಾವಿಬ್ಬರು ಚೆನ್ನಾಗೇ ಇದ್ವಿ. ಅದು ಯಾರಿಗೂ ಬೇಕಾಗಿರಲಿಲ್ಲ.

ಮದುವೆಯಾದ ಮೇಲೆ ಅವಳನ್ನ ಕಾರ್ಖಾನೆಗೆ ಕರ್ಕೊಂಡು ಹೋದೆ. ಅಲ್ಲೀವರೆಗೆ ಎಲ್ಲರಿಗೂ ಒಂದೇ ಬಣ್ಣದ ಕೈ ಕೊಡ್ತಿದ್ವಿ, ಗೊಂಬೆ ಬಣ್ಣದ್ದು. ಇವಳು ಬಂದು ಬಣ್ಣದ ತುಂಡುಗಳನ್ನ ಮಾಡಿದಳು. ಬೆರಳಗಲದ ರಬ್ಬರ್ ತುಂಡು, ಒಂದರಿಂದ ಹದಿನಾಲ್ಕು, ಬೆಳ್ಳಗಿನಿಂದ ಕಪ್ಪಿನವರೆಗೆ, ಎಲ್ಲಾ ಒಂದು ಉಂಗುರಕ್ಕೆ ಪೋಣಿಸಿ. ಯಜಮಾನರು ನೋಡಿ ಬಹಳ ಖುಷಿಪಟ್ರು. ಆಮೇಲೆ ಕೊನೇ ಎರಡನ್ನ ಕಿತ್ತು ಬುಟ್ಟಿಗೆ ಹಾಕಿದ್ರು. ಇದನ್ನ ಗಿರಾಕಿ ಕೈಗೆ ಹಿಡಿದು ನಿಮ್ಮದು ಇದೇ ಅಂದ್ರೆ ಎದ್ದು ಹೋಗ್ತಾರೆ ಅಂದ್ರು. ಹದಿನಾಲ್ಕನೇದು ಅವಳದೇ ಬಣ್ಣ. ತನ್ನ ಕೈ ನೋಡ್ಕೊಂಡೇ ಮಾಡಿದ್ದು.

ಯಜಮಾನರು ಹೇಳಿದ್ದು ಸುಳ್ಳೇನಲ್ಲ. ನಿಜವಾದ ಬಣ್ಣ ಯಾರಿಗೂ ಬೇಕಿರಲಿಲ್ಲ. ಒಂಬತ್ತನೇ ನಂಬರಿನೋರು ಏಳು ಕೊಡಿ ಅನ್ನೋರು. ಒಂದು ಕೈ ಕಂದು, ಒಂದು ಕೈ ಗೋಧಿ, ಹಾಗೇ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಚೆನ್ನಾಗಿದೆ ಅನ್ನೋರು. ಹಾಗಾಗಿ ಕಾರ್ಖಾನೇಲಿ ಒಂದು ಪದ್ಧತಿ ಆಗಿಹೋಯ್ತು. ಇವಳು ಗಿರಾಕಿ ಕೈ ನೋಡಿ ನಂಬರ್ ಹೇಳೋದು, ಯಜಮಾನರು ಎರಡು ಕಮ್ಮಿ ಮಾಡಿ ಬರ್ಕೊಳೋದು. ಇವಳು ಮಾತ್ರ ಮುಂದಿನ ರೂಮಿಗೆ ಬರೋ ಹಾಗಿಲ್ಲ. ಬಾಗಿಲ ಸಂದೀಲಿ ನಿಂತು ನೋಡಬೇಕು. ಬಣ್ಣ ಕಲಸೋಳೇ ಈ ಬಣ್ಣ ಅಂತ ಗೊತ್ತಾದ್ರೆ ಗಿರಾಕಿಗೆ ನಂಬಿಕೆ ಬರಲ್ಲ ಅಂತ ಯಜಮಾನರ ಮಾತು.

ನಾಲ್ಕು ವರ್ಷದ ಹಿಂದೆ ಅವಳ ಬಲಗೈ ಹೋಯ್ತು. ರಬ್ಬರಿಗೆ ಬಣ್ಣ ಸೇರಿಸೋಕೆ ಎರಡು ಉಕ್ಕಿನ ಉರುಳೆ ಇರೋ ಮಿಷನ್ನಿದೆ, ಹಿಟ್ಟು ನಾದೋ ಹಾಗೆ ನಾದುತ್ತೆ. ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಉರುಳೆ ನಡುವೆ ಬೆರಳು ಸಿಕ್ಕಿತು. ನಾನು ಸ್ವಿಚ್ಚಿನವರೆಗೆ ಕುಂಟ್ಕೊಂಡು ಹೋಗೋ ಹೊತ್ತಿಗೆ ಮಣಿಕಟ್ಟಿನವರೆಗೆ ಹೋಗಿತ್ತು.

ಗಾಯ ಮಾಯೋಕೆ ಐದು ತಿಂಗಳಾಯ್ತು. ಅವಳಿಗೆ ಬೇಕಿದ್ದು ಒಂದೇ. ತನ್ನ ಬಣ್ಣದ ಕೈ. ದಾರೀಲಿ ಯಾರೂ ತಿರುಗಿ ನೋಡಬಾರದು ಅಷ್ಟೆ ಅಂದ್ಲು. ಹುಟ್ಟಿದಾಗಿಂದ ಜನ ನೋಡಿದ್ದು ಸಾಕಾಗಿತ್ತು. ಯಜಮಾನರು ಕಪಾಟಿನಿಂದ ಒಂದು ಕೈ ತೆಗೆದು ಕೊಟ್ರು. ಯಾರೋ ಹೆಂಗಸು ಮಾಡಿಸಿ, ಬಂದು ತಗೊಳ್ಳೋ ಮೊದಲೇ ತೀರ್ಕೊಂಡಿದ್ದು. ನಾಲ್ಕನೇ ನಂಬರು. ಇವಳೇ ಮಾಡಿದ್ದು, ಉಗುರಿನ ಬುಡದ ಬಿಳಿ, ಗೆಣ್ಣಿನ ಸುಕ್ಕು, ಒಳಗೆ ನೀಲಿ ದಾರ ಇಟ್ಟು ಮಾಡಿದ ನರ, ಎಲ್ಲಾ ಸೇರಿ ಜೀವ ಇರೋ ಹಾಗಿತ್ತು. ನಾಲ್ಕನೇ ನಂಬರಿಗೆ ಜನ ಕೈಮುಗೀತಾರೆ, ನಿನಗೆ ಪುಕ್ಕಟೆ ಸಿಕ್ತು ಅಂದ್ರು ಯಜಮಾನರು. ಕೈಮುಗೀತಾರೆ ಅಂತ ಯಾರಿಗೆ ಹೇಳ್ತಿದೀನಿ ಅನ್ನೋದು ಅವರಿಗೆ ಹೊಳೀಲೇ ಇಲ್ಲ.

ಇವಳದೇ ಬಣ್ಣ ಕಲಸಿ ಕೊಡಿ ಅಂತ ನಾನು ಕೇಳಿದೆ. ಉಂಗುರದಲ್ಲಿ ಇಲ್ಲದ ಬಣ್ಣ ನಾವು ಮಾಡಲ್ಲ ಅಂದ್ರು. ರಜಾ ದಿನ ನಾನೇ ಕಲಸ್ತೀನಿ, ನೀನು ಕೂತು ಹೇಳು ಅಂತ ಇವಳಿಗೆ ಮಾತು ಕೊಟ್ಟೆ. ಅವಳು ಸರಿ ಅಂದ್ಲು. ಅಲ್ಲೀವರೆಗೆ ಬಿಳೀ ಕೈ ಹಾಕ್ಕೊಂಡು ಮನೆಗೆ ಬಂದ್ಲು.

ನಮ್ಮಮ್ಮ ನೋಡಿ, ಅಂತೂ ಒಂದು ಕೈಯಾದ್ರೂ ಮನೆಗೆ ಒಪ್ಪೋ ಹಾಗಾಯ್ತು, ಇನ್ನೊಂದನ್ನೂ ಮಿಷನ್ನಿಗೆ ಕೊಟ್ಟುಬಿಡು ಅಂದ್ಲು. ಪಕ್ಕದ ಮನೆಯವರು ಗೋಡೆ ಆಚೆ ನಕ್ಕಿದ್ದು ಕೇಳಿಸಿತು.

ಆ ತಿಂಗಳೇ ಮಗಳಿಗೆ ಸಂಬಂಧ ಬಂತು. ಮಗಳು ನಮ್ಮಮ್ಮನ ಹಾಗೆ, ಐದನೇ ನಂಬರು. ಹುಡುಗ ಬೇರೆ ಊರಿನೋನು, ಟೈರ್ ಅಂಗಡಿ ಇತ್ತು. ಹುಡುಗನ ತಾಯಿ ಕೂತ ಕೂಡಲೇ ಇವಳನ್ನ ಮೇಲಿಂದ ಕೆಳಗೆ ನೋಡಿದ್ರು. ಹುಡುಗಿ ಚೆನ್ನಾಗಿದಾಳೆ, ಆದ್ರೆ ತಾಯಿ ಹೀಗಿದಾರಲ್ಲ, ನಾಳೆ ಮೊಮ್ಮಕ್ಕಳು ಯಾರ ಹಾಗೆ ಹುಟ್ತವೋ ಅಂತ ನಮ್ಮೆದುರೇ ಅಂದ್ರು. ಕೋಳಿ ಅಂಗಡೀಲಿ ಕೋಳಿ ಎದುರೇ ಮಾತಾಡೋ ಹಾಗೆ.

ನಮ್ಮಮ್ಮ ಎದ್ದು ಇವಳ ಬಿಳೀ ಕೈಯನ್ನ ಎತ್ತಿ ತೊಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಟ್ಲು.

"ನಮ್ಮ ಸೊಸೆ ಹುಟ್ಟು ಬಣ್ಣ ಇದು. ಕಾಯಿಲೆ ಬಿದ್ಲು, ಔಷಧಿ ಹಿಡಿಸಲಿಲ್ಲ, ಮೈಯೆಲ್ಲ ಕಪ್ಪಾಯ್ತು. ಈ ಕೈ ಒಂದು ಉಳೀತು. ಸ್ವಾಧೀನ ತಪ್ಪಿದೆ, ಬಣ್ಣ ಮಾತ್ರ ಹೋಗಿಲ್ಲ."

ಹುಡುಗನ ತಾಯಿ ಕುರ್ಚಿ ಎಳ್ಕೊಂಡು ಹತ್ತಿರ ಬಂದ್ರು. ಬಗ್ಗಿ ನೋಡಿದ್ರು. ಉಗುರು ನೋಡಿದ್ರು, ನರ ನೋಡಿದ್ರು. ಮುಟ್ಟಲಿಲ್ಲ, ಕಾಯಿಲೆ ಅಂಟೀತು ಅಂತಿರಬೇಕು. ಅಯ್ಯೋ ಪಾಪ, ಎಂಥಾ ಬಣ್ಣ ಇತ್ತು ನಿಮ್ಮದು ಅಂದ್ರು. ಅವರಿಗೆ ನಿಜವಾಗೂ ಮರುಕ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಇವಳ ಕೆಲಸಕ್ಕೆ ಅಷ್ಟು ದೊಡ್ಡ ಮೆಚ್ಚುಗೆ ಯಾರೂ ಕೊಟ್ಟಿರಲಿಲ್ಲ.

ಇವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮಗಳೂ ನೆಲ ನೋಡಿದಳು. ಸಂಬಂಧ ಒಪ್ಪಿಗೆಯಾಯ್ತು.

ಅವಳ ಬಣ್ಣದ ಕೈ ಮಾಡೋ ಮಾತು ಅಲ್ಲಿಗೆ ನಿಂತುಹೋಯ್ತು. ಮದುವೆ ಮುಗೀಲಿ ಅಂದೆ. ಮದುವೆ ಮುಗೀತು. ಬೀಗರು ಬಂದು ಹೋಗೋದು ಕಮ್ಮಿಯಾಗಲಿ ಅಂದೆ. ಕಮ್ಮಿಯಾಗಲಿಲ್ಲ. ಬೀಗಿತಿ ಬಂದಾಗೆಲ್ಲ ಆ ಕೈ ತೋರಿಸಿ ಜೊತೆಗೆ ಬಂದೋರಿಗೆ ಕಥೆ ಹೇಳೋರು. ಇವಳು ಪ್ರದರ್ಶನದ ಸಾಮಾನಿನ ಹಾಗೆ ಕೂತಿರೋಳು. ಅಮ್ಮ, ಅವರು ಬರೋ ದಿನ ಆ ಕೈ ಮರೀಬೇಡ ಅಂತ ಮಗಳು ಫೋನ್ ಮಾಡಿ ನೆನಪು ಮಾಡೋಳು. ಹೇಗಿದೀಯ ಅಂತ ಕೇಳೋದು ಮರೀತಿದ್ಲು, ಅದನ್ನ ಮರೀತಿರಲಿಲ್ಲ.

ಕಾರ್ಖಾನೇಲಿ ಎಡಗೈಯಲ್ಲೇ ಕಲಸೋದು ಅಭ್ಯಾಸ ಮಾಡ್ಕೊಂಡ್ಲು. ಅಲ್ಲಿ ಮಾತ್ರ ಆ ಕೈ ಬಿಚ್ಚಿ ಮೊಳೆಗೆ ನೇತುಹಾಕೋಳು. ಅಲ್ಲಿ ಅವಳಿಗೆ ಹಾಯಾಗಿತ್ತು ಅಂತ ಕಾಣುತ್ತೆ.

ಮದುವೆಯಾಗಿ ವರ್ಷಕ್ಕೆ ಮಗಳಿಗೆ ಹೆಣ್ಣು ಮಗು ಆಯ್ತು. ಹುಟ್ಟಿದಾಗ ಎಳೇ ಕೆಂಪು. ಬೀಗಿತಿ ಎಲ್ಲರಿಗೂ ಫೋನ್ ಮಾಡಿ ಹೇಳಿದ್ರು. ಇವಳು ಮಾತ್ರ ಮಗೂನ ಕಿವಿ ಮಡಚಿ ಹಿಂದೆ ನೋಡಿ, ಉಗುರಿನ ಸುತ್ತ ನೋಡಿ, ನನ್ನ ಕಿವೀಲಿ ಅಂದ್ಲು, ಇದು ನನ್ನ ಬಣ್ಣಕ್ಕೆ ತಿರುಗುತ್ತೆ ಅಂತ. ಮೂರನೇ ತಿಂಗಳಿಗೆ ತಿರುಗಿತು.

ಅಲ್ಲಿಂದ ಅವರ ಮನೇಲಿ ಮಾತು ಬದಲಾಯ್ತು. ನಿಮ್ಮ ತಾಯಿ ಕಾಯಿಲೆ ಮಗೂಗೆ ಬಂದಿದೆ ಅಂದ್ರು. ರಕ್ತದಲ್ಲೇ ಇದೆ, ಮೈ ಬಲಿಯೋ ಮೊದಲು ತೆಗೆಸಬೇಕು ಅಂದ್ರು. ಯಾರೋ ಒಬ್ಬ ಡಬ್ಬೀಲಿ ಮುಲಾಮು ಕೊಟ್ಟನಂತೆ, ದಿನಕ್ಕೆ ಎರಡು ಸಲ ಹಚ್ಚಿ ಬಟ್ಟೆ ಸುತ್ತಬೇಕು. ಮಗಳು ಹಚ್ತಿದ್ಲು. ಅದು ಕಾಯಿಲೆ ಅಲ್ಲ ಅಂತ ಆ ಮನೇಲಿ ಗೊತ್ತಿದ್ದೋಳು ಅವಳೊಬ್ಬಳೇ. ಗೊತ್ತಿದ್ದೂ ಹಚ್ತಿದ್ಲು.

ಮಗು ನೋಡೋಕೆ ನಾವು ಹೋದಾಗ ಸಂಜೆ ನಾಲ್ಕು ಗಂಟೆ. ಬೀಗಿತಿ, ಅಳಿಯ, ಅಳಿಯನ ಅಕ್ಕ ಹಾಲಲ್ಲಿದ್ರು. ಮಗು ಮಲಗಿತ್ತು, ಆದ್ರೆ ಮಲಗಿಯೂ ನರಳ್ತಿತ್ತು. ಇವಳು ಎಡಗೈಯಲ್ಲಿ ಬಟ್ಟೆ ಸರಿಸಿದಳು. ಮಗೂನ ತೋಳು, ಕುತ್ತಿಗೆ ಎಲ್ಲಾ ಸಿಪ್ಪೆ ಎದ್ದಿತ್ತು. ಕೆಳಗೆ ಹಸೀ ಕೆಂಪು. ನೋಡಿ, ಕಪ್ಪು ಬಿಡ್ತಾ ಇದೆ, ಇನ್ನೊಂದು ತಿಂಗಳು ಹಚ್ಚಿದ್ರೆ ಸರಿಹೋಗುತ್ತೆ ಅಂದ್ರು ಬೀಗಿತಿ. ಸಂತೋಷವಾಗೇ ಅಂದ್ರು.

ಇವಳು ಬಂದು ಕುರ್ಚಿ ಮೇಲೆ ಕೂತಳು. ತೋಳಿನ ಗುಂಡಿ ಬಿಚ್ಚಿದಳು. ಮೊಣಕೈ ಹತ್ತಿರದ ಪಟ್ಟಿ ಹಲ್ಲಲ್ಲಿ ಎಳೆದಳು. ಏನು ಮಾಡ್ತಾಳೆ ಅಂತ ನನಗೆ ಗೊತ್ತಾಯ್ತು. ಮಗಳಿಗೂ ಗೊತ್ತಾಯ್ತು, ಅಮ್ಮ ಬೇಡ ಅಂತ ಎದ್ಲು. ಅಷ್ಟರಲ್ಲಿ ಕೈ ಕಳಚಿ ಟೀ ಲೋಟಗಳ ಮಧ್ಯೆ ಇಟ್ಟಾಗಿತ್ತು.

"ಇದು ರಬ್ಬರು. ನನಗೆ ಯಾವ ಕಾಯಿಲೇನೂ ಬಂದಿರಲಿಲ್ಲ. ನಾನು ಹುಟ್ಟಿದ್ದೇ ಹೀಗೆ, ಮಗೂನೂ ಹುಟ್ಟಿದ್ದೇ ಹೀಗೆ. ಆ ಮುಲಾಮು ನಿಲ್ಲಿಸಿ."

ಅಳಿಯನ ಅಕ್ಕ ಕೈ ಎತ್ಕೊಂಡು ತಿರುಗಿಸಿ ನೋಡಿ, ಒಳಗೆ ಟೊಳ್ಳು ಕಣಮ್ಮ ಅಂತ ಬೀಗಿತಿಗೆ ಕೊಟ್ಲು. ಬೀಗಿತಿ ಅದರ ಬೆರಳು ಮಡಚಿ ಬಿಟ್ಟು ನೋಡಿದ್ರು. ಯಾರು ಮಾಡಿದ್ದು ಅಂತ ಕೇಳಿದ್ರು. ನಾನೇ ಅಂದ್ಲು ಇವಳು.

ನಾನು ಜಗಳ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಬೀಗಿತಿ ಕೈಯನ್ನ ಮೆಲ್ಲಗೆ ಟೇಬಲ್ ಮೇಲಿಟ್ಟು, ಒಳಗೆ ಮಗು ಇದ್ದ ಕಡೆ ನೋಡಿದ್ರು.

"ಕಾಯಿಲೆ ಆಗಿದ್ರೆ ವಾಸಿಯಾಗ್ತಿತ್ತು," ಅಂದ್ರು.

ಅಷ್ಟೇ ಅಂದಿದ್ದು. ಎದ್ದು ಹೋಗಿ ಮುಲಾಮಿನ ಡಬ್ಬಿ ತಂದು, ಕಸದ ಬುಟ್ಟಿಗೆ ಹಾಕಿದ್ರು. ಆಮೇಲೆ ಮಗೂನ ಆ ಹೆಂಗಸು ಎತ್ಕೊಂಡಿದ್ದನ್ನ ಯಾರೂ ನೋಡಿಲ್ಲ ಅಂತ ಮಗಳೇ ಮುಂದೆ ಒಂದು ಸಲ ಹೇಳಿದ್ಲು. ಅಳಿಯ ಆವತ್ತು ನಮ್ಮನ್ನ ಬಾಗಿಲವರೆಗೂ ಬಿಡೋಕೆ ಬರಲಿಲ್ಲ.

ಮಗಳು ಗೇಟಿನವರೆಗೆ ಬಂದ್ಲು. ಕೈಯನ್ನ ಪೇಪರಲ್ಲಿ ಸುತ್ತಿ ತಂದಿದ್ಲು. ತಾಯಿಯ ಚೀಲದೊಳಗೆ ತುರುಕಿದಳು. ಅಳ್ತಿರಲಿಲ್ಲ.

"ಒಂದು ಕೈ ಹಾಕ್ಕೊಂಡು ಕೂತಿರೋಕೆ ನಿನಗೇನಮ್ಮ ಕಷ್ಟ ಇತ್ತು? ಮಗೂ ತೋಳಿನ ಗಾಯ ಮಾಯ್ತಿತ್ತು. ಇನ್ನು ಇದು ಯಾವತ್ತು ಮಾಯುತ್ತೆ?"

ಮಗೂಗೆ ತಣ್ಣೀರಿನ ಬಟ್ಟೆ ಹಾಕು, ಎಣ್ಣೆ ಹಚ್ಚಬೇಡ ಅಂದ್ಲು ಇವಳು. ಮಗಳು ಗೇಟು ಹಾಕ್ಕೊಂಡ್ಲು.

ಬಸ್ಸಲ್ಲಿ ನಾನು ಅಂದೆ, ಈಗ ಇನ್ನೇನು ಅಡ್ಡಿ ಇಲ್ಲ, ಬರೋ ರಜಾ ದಿನ ನಿನ್ನ ಬಣ್ಣದ್ದೇ ಕೈ ಮಾಡ್ತೀನಿ ಅಂತ. ಅವಳು ಕಿಟಕಿ ಆಚೆ ನೋಡ್ತಿದ್ಲು. ಖಾಲಿ ತೋಳು ಗಾಳಿಗೆ ಹಾರ್ತಿತ್ತು, ಎದುರು ಸೀಟಿನ ಇಬ್ಬರು ಅದನ್ನೇ ನೋಡ್ತಿದ್ರು. ಅವಳು ಮುಚ್ಚಿಕೊಳ್ಳಲಿಲ್ಲ.

"ಬೇಡ," ಅಂದ್ಲು. "ನೀವು ಆವತ್ತು ನೆಲ ನೋಡದೇ ಇದ್ದಿದ್ರೆ ಸಾಕಿತ್ತು."

ಮಗಳು ಈಗ ಫೋನ್ ಮಾಡಲ್ಲ. ಮಗೂಗೆ ಎರಡು ವರ್ಷ ತುಂಬ್ತಾ ಬಂತು. ಅವರ ಮನೇಲಿ ಅದನ್ನ ಏನಂತ ಕರೀತಾರೋ ನನಗೆ ಗೊತ್ತಿಲ್ಲ. ಇವಳಿಗೆ ಗೊತ್ತಿರಬೇಕು. ಕೇಳೋಕೆ ನನಗೆ ಧೈರ್ಯ ಇಲ್ಲ.