ಬಾರ್ಜ್‌ಮೆನ್ ಗೆಲ್ಲತೊಡಗಿದ ವರ್ಷದ ಮದುವೆ

ಟೊಲೀಡೊದಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಸೆಪ್ಟೆಂಬರಿನಿಂದ ಡಿಸೆಂಬರಿನ ತನಕ ಮದುವೆ ಇಟ್ಟುಕೊಳ್ಳುವುದಿಲ್ಲ. ಶುಕ್ರವಾರ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್, ಶನಿವಾರ ಕಾಲೇಜಿನದು, ಭಾನುವಾರ ನಮ್ಮ ಬಾರ್ಜ್‌ಮೆನ್ ತಂಡದ್ದು. ಮದುವೆ ಇಟ್ಟರೆ ಪಾದ್ರಿ ಬರುತ್ತಾನೆ, ಕಿವಿ ಕೇಳದ ನಾಲ್ಕು ಮುದುಕಿಯರು ಬರುತ್ತಾರೆ. ಉಳಿದವರು ಸ್ಟೇಡಿಯಮ್ಮಿನ ಹೊರಗೆ ವ್ಯಾನಿನ ಹಿಂಬಾಗಿಲು ತೆರೆದಿಟ್ಟು ಸಾಸೇಜು ಸುಡುತ್ತ ಕೂತಿರುತ್ತಾರೆ. ಹಾಗಾಗಿ ಇಲ್ಲಿ ಮದುವೆಯ ತಿಂಗಳೆಂದರೆ ಜನವರಿ. ಮೊದಲ ಭಾನುವಾರಕ್ಕೆ ಲೀಗ್ ಪಂದ್ಯಗಳು ಮುಗಿಯುತ್ತವೆ. ಗೆದ್ದ ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ, ಬಾರ್ಜ್‌ಮೆನ್ ಮನೆಗೆ ಹೋಗುತ್ತಾರೆ. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ಸೋಲಿನ ವಿಷಯದಲ್ಲಿ ಅವರಷ್ಟು ನಂಬಿಕಸ್ಥರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಆ ನಂಬಿಕೆಯ ಮೇಲೇ ಬರ್ನಡೀನ್ ಜೆಲಿನ್ಸ್ಕಿ ತನ್ನ ಒಬ್ಬಳೇ ಮಗಳು ಜೋಸ್ಲಿನ್‌ಳ ಮದುವೆಯನ್ನು ಜನವರಿಯ ಎರಡನೇ ಶನಿವಾರಕ್ಕೆ ಗೊತ್ತುಮಾಡಿದ್ದು. ಬೇರೆ ಯಾರಾದರೂ ಮಾಡಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಬರ್ನಡೀನ್ ಬಾರ್ಜ್‌ಮೆನ್‌ಗಳ ದರ್ಜಿ. ಸ್ಟೇಡಿಯಮ್ಮಿನ ನೆಲಮಾಳಿಗೆಯಲ್ಲಿ ಕೂತು ಆಟಗಾರರ ಅಂಗಿಗಳ ಬೆನ್ನಿಗೆ ಅವರವರ ಹೆಸರು ಹೊಲಿಯುವುದು, ಆಟದ ನಡುವೆ ಹರಿದದ್ದನ್ನು ಅಲ್ಲೇ ತೇಪೆ ಹಾಕಿ ವಾಪಸು ಎಸೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷವಾಯಿತು. ಜೋಸ್ಲಿನ್ ಹುಟ್ಟಿದ್ದು ಅಕ್ಟೋಬರಿನಲ್ಲಿ, ಋತುವಿನ ನಟ್ಟನಡುವೆ. ಅವಳ ಹುಟ್ಟುಹಬ್ಬಗಳಲ್ಲಿ ಅಮ್ಮ ಇದ್ದದ್ದು ಮೂರಕ್ಕೋ ನಾಲ್ಕಕ್ಕೋ. ಉಳಿದವಕ್ಕೆಲ್ಲ ಅಪ್ಪ ಕ್ಯಾಸಿಮಿರ್‌ನೇ ಕೇಕ್ ಮಾಡಿ, ಅಪ್ಪನೇ ಹಾಡಿದ್ದ. ಅವನು ತೀರಿಕೊಂಡ ಮೇಲೆ ಹಾಡುವವರೂ ಇಲ್ಲ. "ಮದುವೆ ದಿನ ಪೂರ್ತಿ ನಿಂದು ಕಣೇ. ಜನವರೀಲಿ ನನಗೇನು ಕೆಲಸ?" ಎಂದು ಬರ್ನಡೀನ್ ಮಾತು ಕೊಟ್ಟಿದ್ದಳು.

ಶುರುವಿನಲ್ಲಿ ತಂಡ ಅವಳ ಮಾತು ಉಳಿಸಿತು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಗ್ಯಾರಿಸನ್ ವೀಲರ್ ಎರಡನೇ ಪಂದ್ಯದಲ್ಲೇ ಮೊಣಕಾಲು ಮುರಿದುಕೊಂಡ. ಅವನ ಜಾಗಕ್ಕೆ ಬಂದ ಹಾಬ್ಸ್ ಐದನೆಯದರಲ್ಲಿ ಹೆಬ್ಬೆರಳು ಮುರಿದುಕೊಂಡ. ಐದರಲ್ಲಿ ನಾಲ್ಕು ಸೋಲು. ಊರೆಲ್ಲ ಎಂದಿನಂತೆ ಕೋಚ್‌ನ ಜನ್ಮ ಜಾಲಾಡುತ್ತಿದ್ದರೆ ಬರ್ನಡೀನ್ ಸಮಾಧಾನವಾಗಿ ಮದುವೆಯ ಕಾಗದಗಳನ್ನು ಅಂಚೆಗೆ ಹಾಕಿ ಬಂದಳು.

ಆಮೇಲೆ ಬಂದ ಆ ಪುಣ್ಯಾತ್ಮ. ಸಾಮಾನು ಕೋಣೆಯ ಮುಖ್ಯಸ್ಥ ಓಡೆಲ್ ಕ್ರಂಪ್ ಒಂದು ಬುಧವಾರ ಚೀಟಿ ಹಿಡಿದು ಬಂದು, "ಬರ್ನಿ, ಹೊಸ ಹೆಸರು. ಕೂತ್ಕೊಂಡೇ ಓದು" ಎಂದ. ಪಾಪಡಿಮಿಟ್ರೋಪೌಲೋಸ್. ಇಂಗ್ಲಿಷಿನಲ್ಲಿ ಹದಿನೇಳು ಅಕ್ಷರ.

"ಇದೇನು ಹೆಸರೋ, ಗೂಡ್ಸ್ ರೈಲೋ?" ಎಂದಳು ಬರ್ನಡೀನ್. "ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವನ್ನ?"

"ಭಾವನ ಅಂಗಡೀಲಿದ್ದು ಅವರಿವರ ಅಡುಗೆಮನೆಗೆ ಟೈಲ್ಸ್ ಹಾಕ್ತಿದ್ದನಂತೆ. ಇನ್ಯಾರೂ ಸಿಗಲಿಲ್ಲ ಮಾರಾಯ್ತಿ."

ಅಕ್ಷರಗಳು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹೋದರೂ ಸಾಲಲಿಲ್ಲ. ಕೊನೆಯ ಮೂರು ಬಲಗಂಕುಳಿನ ಕಡೆ ಜಾರಿ ಸೊಟ್ಟಗೆ ಕೂತವು. ಬಿಚ್ಚಿ ಮತ್ತೆ ಹೊಲಿಯೋಣವೆಂದರೆ ಪುರುಸೊತ್ತಿರಲಿಲ್ಲ. ಆ ಸೊಟ್ಟ ಹೆಸರು ಹೊತ್ತುಕೊಂಡು ಹೋದ ಟೈಲ್ಸ್‌ನವನು ಆ ಭಾನುವಾರ ನಾಲ್ಕು ಸಲ ಚೆಂಡನ್ನು ಗೆರೆ ದಾಟಿಸಿದ. ಮರುದಿನ ನೆಲಮಾಳಿಗೆಗೆ ಇಳಿದು ಬಂದು, ಟೋಪಿ ಕೈಯಲ್ಲಿ ಹಿಡಿದು ನಿಂತ. ಇಪ್ಪತ್ತೊಂಬತ್ತರ ಹುಡುಗ, ಸ್ಟಾವ್ರೋಸ್ ಎಂದು ಕರೆಯಿರಿ ಎಂದ.

"ಮೇಡಮ್, ಪ್ರತಿ ಆಟದ ದಿನ ಬೆಳಿಗ್ಗೆ ನೀವೇ ಅದನ್ನ ಬಿಚ್ಚಿ, ನೀವೇ ಮತ್ತೆ ಹೊಲೀಬೇಕು. ಹಾಗೇ. ಸೊಟ್ಟಗೆ."

"ನೆಟ್ಟಗೆ ಹೊಲಿಯೋದು ಕಲಿಯೋಕೆ ನನಗೆ ಇಪ್ಪತ್ತಾರು ವರ್ಷ ಬೇಕಾಯ್ತು ಕಣಯ್ಯ!"

"ಗೊತ್ತು ಮೇಡಮ್. ಆದ್ರೆ ಗೆದ್ದೆವಲ್ಲ."

ಇಂಥ ಮೂಢರ ಜೊತೆ ವಾದ ಮಾಡಿ ಬದುಕಿದವರಿಲ್ಲ. ಇವರಲ್ಲಿ ಒಬ್ಬ ಗೆಲ್ಲುವ ತನಕ ಕಾಲುಚೀಲ ಒಗೆಯುವುದಿಲ್ಲ, ಇನ್ನೊಬ್ಬ ಎಡಗಾಲಿನಿಂದ ಮೆಟ್ಟಿಲು ಇಳಿಯುವುದಿಲ್ಲ. ಬರ್ನಡೀನ್ ವಾರವಾರವೂ ಗೊಣಗುತ್ತ ಬಿಚ್ಚಿದಳು, ಗೊಣಗುತ್ತ ಹೊಲಿದಳು, ಅವರು ವಾರವಾರವೂ ಗೆದ್ದರು. ನೂರ ಅರವತ್ತು ಕಿಲೋ ತೂಗುವ ಟಿಲ್‌ಮನ್ ಎದುರು ತಂಡದವರನ್ನು ಮಲಗಿಸುತ್ತ ಆಟಕ್ಕೆ ಎರಡರಂತೆ ಅಂಗಿ ಹರಿದುಕೊಂಡು ಬಂದ. ಡಿಸೆಂಬರ್ ಬಂತು, ಟೊಲೀಡೊ ಕುಣಿಯತೊಡಗಿತು. ಮೂರು ಲಕ್ಷ ಜನರ ಊರಿನಲ್ಲಿ ಬಾರ್ಜ್‌ಮೆನ್ ಸೋಲಲಿ ಎಂದು ಮೇರಿ ಮಾತೆಗೆ ಮೇಣದಬತ್ತಿ ಹಚ್ಚುತ್ತಿದ್ದವಳು ಅವಳೊಬ್ಬಳೇ.

ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಎರಡು ಅಂಕ ಹಿಂದಿದ್ದರು. ಹೊರಗೆ ಸರೋವರದ ಗಾಳಿ ಬೀಸುತ್ತಿತ್ತು. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ. ಒದೆಯುವವನು ಲಿಂಡ್‌ಕ್ವಿಸ್ಟ್, ಕಂಬಗಳು ಐವತ್ತನಾಲ್ಕು ಗಜ ದೂರ. ಈ ಗಾಳಿಯಲ್ಲಿ ಯಾರಪ್ಪನಿಂದಲೂ ಆಗುವುದಿಲ್ಲ ಎಂದು ಬರ್ನಡೀನ್ ರೇಡಿಯೋ ಮುಂದೆ ಕೈ ಜೋಡಿಸಿ ಕೂತಿದ್ದಳು. ಚೆಂಡು ಹೋಗಿ ಎಡಗಂಬಕ್ಕೆ ಬಡಿದು ಒಳಗೆ ಬಿತ್ತು. ಅವಳು ಹಣೆ ಚಚ್ಚಿಕೊಂಡು ಅತ್ತಳು. ಓಡಿಬಂದ ಓಡೆಲ್ ಅವಳನ್ನು ತಬ್ಬಿಕೊಂಡು, "ಅಳು ಬರ್ನಿ, ಅಳು, ಸಂತೋಷಕ್ಕೆ ನಾನೂ ಅಳ್ತಿದ್ದೀನಿ" ಎಂದ.

ಮುಂದಿನ ಸುತ್ತಿನ ಪಂದ್ಯ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ, ಟೊಲೀಡೊದಲ್ಲೇ. ಮದುವೆ ಅದೇ ದಿನ ಎರಡಕ್ಕೆ. ಮುಂದಕ್ಕೆ ಹಾಕೋಣವೆಂದರೆ ಹಾಲ್ ಏಪ್ರಿಲ್ ತನಕ ಖಾಲಿಯಿಲ್ಲ, ಬೀಗರು ನೆಬ್ರಾಸ್ಕಾದಿಂದ ಹೊರಡಲು ಸಿದ್ಧರಾಗಿದ್ದರು. ಸೋಮವಾರದಿಂದ ನೆಂಟರ ಫೋನು ಶುರುವಾಯಿತು. ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಜ್ವರ, ಒಬ್ಬರ ಕಾರಿಗೇ ಏನೋ ಕಾಯಿಲೆ. ನಾಚಿಕೆಗೆಟ್ಟವರು ನೇರವಾಗಿ, "ಬರ್ನಿ, ನಿನ್ನ ಹತ್ರ ಎರಡು ಟಿಕೆಟ್ ಇರತ್ತಾ?" ಎಂದೇ ಕೇಳಿದರು. ಅವಳ ಪಿತ್ತ ನೆತ್ತಿಗೇರಿತು.

ಆ ಸೋಮವಾರ ರಾತ್ರಿ ಜೋಸ್ಲಿನ್ ಮಾತ್ರ ಸಿಟ್ಟಾಗಲಿಲ್ಲ. "ನೀನು ಬರಬೇಡ ಅಂತ ಹೇಳ್ತಿಲ್ಲಮ್ಮ. ಸುಮ್ನೆ ಮಾತು ಕೊಡಬೇಡ ಅಷ್ಟೆ" ಎಂದಳು. ಕಿರುಚಿದ್ದರೆ ತಡೆದುಕೊಳ್ಳಬಹುದಿತ್ತು.

"ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿನಲ್ಲಿರ್ತೀನಿ. ನಾನೇ ನಿನಗೆ ಗೌನ್ ತೊಡಿಸ್ತೀನಿ. ನಿಮ್ಮಪ್ಪನಾಣೆ" ಎಂದಳು ಬರ್ನಡೀನ್. ಗುರುವಾರ ಓಡೆಲ್‌ಗೂ ಖಡಾಖಂಡಿತವಾಗಿ ಹೇಳಿ, ಅವನಿಗೇ ಸೂಜಿ ಹಿಡಿಯುವುದನ್ನು ಕಲಿಸಿಟ್ಟಳು.

ಶನಿವಾರ ಬೆಳಿಗ್ಗೆ ಏಳೂವರೆಗೆ ಅವನದೇ ಫೋನು. "ಸ್ಟಾವ್ರೋಸ್ ಬರಿಮೈಲಿ ಕೂತಿದ್ದಾನೆ ಬರ್ನಿ. ನಾನು ಹೊಲಿದದ್ದನ್ನ ಹಾಕ್ಕೊಳಲ್ಲ ಅಂತಾನೆ. ಅರ್ಧ ಗಂಟೆ. ನಿನ್ನ ದಮ್ಮಯ್ಯ."

ಅವಳು ಹೋದಳು. ಬೇಡವೆನ್ನಲು ಬಾಯಿತ್ತು, ಹೋದಳು. ಮದುವೆಗೆಂದು ಹೊಲಿಸಿದ ನೀಲಿ ಉಡುಪಿನ ಮೇಲೆ ಕೋಟು ಹಾಕಿಕೊಂಡು, ಅರ್ಧ ಗಂಟೆಯ ಕೆಲಸಕ್ಕೆ ಯಾಕೆಂದು ಫೋನನ್ನು ಕಾರಿನಲ್ಲೇ ಬಿಟ್ಟು ಇಳಿದಳು. ಹದಿನೇಳು ಅಕ್ಷರ ಬಿಚ್ಚಿ ಹೊಲಿದದ್ದಾಯಿತು. ಏಳುವಷ್ಟರಲ್ಲಿ ಟಿಲ್‌ಮನ್ ಬಂದ, ಅಂಗಿ ತೋಳಿನಲ್ಲಿ ಬಿಗಿಯಂತೆ. ಆಮೇಲೆ ಲಿಂಡ್‌ಕ್ವಿಸ್ಟ್, ಆಮೇಲೆ ಅವಳು ಹೆಸರೂ ಮರೆತ ಇನ್ನಿಬ್ಬರು. ಇಷ್ಟು ದಿನ ಹರಕು ಅಂಗಿಯಲ್ಲೇ ಆಡಿದವರಿಗೆ ಇವತ್ತು ಎಲ್ಲರಿಗೂ ಬರ್ನಡೀನಳ ಕೈಯ ಹೊಲಿಗೆಯೇ ಆಗಬೇಕು. ಒಂದು, ಇನ್ನೊಂದು, ಇದೊಂದೇ ಎನ್ನುತ್ತ ತಲೆ ಎತ್ತಿದಾಗ ಮೇಲಿನಿಂದ ರಾಷ್ಟ್ರಗೀತೆ ಕೇಳಿಸುತ್ತಿತ್ತು.

"ಗಂಟೆ ಎಷ್ಟು?" ಎಂದು ಕೇಳಿದಳು.

"ಒಂದಾಗ್ತಾ ಬಂತು. ಅರ್ಧ ಆಟ ಆಗೋವರೆಗೆ ಇದ್ದುಬಿಡು ಬರ್ನಿ, ಮದುವೆ ಊಟದ ಹೊತ್ತಿಗೆ ಹೋದ್ರಾಯ್ತು. ಹತ್ತೊಂಬತ್ತು ವರ್ಷ ಕಾದಿದ್ದೀವಿ!"

"ನನ್ನ ಮಗಳು ಇಪ್ಪತ್ತಾರು ವರ್ಷ ಕಾದಿದ್ದಾಳೆ!" ಬರ್ನಡೀನ್ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ನೀವೂ ನಿಮ್ಮ ಅಂಗಿಗಳೂ ಎಕ್ಕುಟ್ಟಿ ಹೋಗ್ರೋ!" ಬೈದದ್ದು ಓಡೆಲ್‌ಗೆ, ಆದರೆ ಸಿಟ್ಟೆಲ್ಲ ಅವಳಿಗೆ ತನ್ನ ಮೇಲೆಯೇ ಇತ್ತು.

ಸ್ಟೇಡಿಯಮ್ಮಿಗೆ ನುಗ್ಗುತ್ತಿದ್ದ ಜನರ ಎದುರಾಗಿ ನೂಕಿಕೊಂಡು ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು; ಅವಳ ಕಾರಿಗೆ ಅಡ್ಡಲಾಗಿ ಯಾವನೋ ಸಾಸೇಜು ಸುಡುವ ಒಲೆ ಹೂಡಿದ್ದ, ಅದನ್ನು ಕಾಲಿನಿಂದಲೇ ಸರಿಸಿದಳು. ಕಾರಿನಲ್ಲಿ ಫೋನು ನೋಡಿದಳು. ಜೋಸ್ಲಿನ್ ಒಂಬತ್ತು ಸಲ ಕರೆ ಮಾಡಿದ್ದಳು. ಕೊನೆಯದು ಹನ್ನೊಂದಕ್ಕೆ. ಆಮೇಲೆ ಒಂದೂ ಇಲ್ಲ.

ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಎರಡಕ್ಕೆ ಸರಿಯಾಗಿ ಚರ್ಚು ಹೊಕ್ಕಳು. ಬಲಗಡೆ ನೆಬ್ರಾಸ್ಕಾದವರು ಸಾಲುಸಾಲಾಗಿ ತುಂಬಿದ್ದರು. ಎಡಗಡೆ, ಹೆಣ್ಣಿನ ಕಡೆ, ಹನ್ನೊಂದು ಜನ. ಮುಂದಿನ ಬೆಂಚಿನ ತುದಿಯಲ್ಲಿ, ತಾಯಿ ಕೂರುವ ಜಾಗದಲ್ಲಿ, ಪಕ್ಕದ ಮನೆಯ ಇರ್ಮಾ ಟೋತ್ ಕೂತಿದ್ದಳು. ಮದುಮಗಳ ತಾಯಿಗೆಂದು ತಂದಿದ್ದ ಬಿಳಿ ಹೂವಿನ ಗೊಂಚಲು ಇರ್ಮಾಳ ಎದೆಯ ಮೇಲಿತ್ತು.

"ನಾನು ಬೇಡ ಅಂದೆ ಬರ್ನಿ" ಎಂದು ಇರ್ಮಾ ಗಡಿಬಿಡಿಯಿಂದ ಪಿಸುಗುಟ್ಟಿದಳು. "ಅವಳೇ ಮಂಗಳವಾರ ಬಂದು ಕೇಳ್ಕೊಂಡಳು. ಆ ಜಾಗ ಖಾಲಿ ಇರಬಾರದು ಅಂತ."

ಮಂಗಳವಾರ. ತಾನು ಅವಳಪ್ಪನ ಆಣೆ ಹಾಕಿದ ಮರುದಿನ. ಬರ್ನಡೀನ್‌ಗೆ ಕೂಗಾಡಬೇಕೆನಿಸಿತು, ಆದರೆ ಯಾರ ಮೇಲೆ? ಇರ್ಮಾ ಸರಿದು ಕೊಟ್ಟ ಗೇಣು ಜಾಗದಲ್ಲಿ, ದಾರದ ತುಣುಕುಗಳು ಅಂಟಿದ ಕೋಟಿನಲ್ಲೇ ಕುಸಿದು ಕೂತಳು.

ಆರ್ಗನ್ ಶುರುವಾಯಿತು. ಜೋಸ್ಲಿನ್ ಒಬ್ಬಳೇ ನಡೆದು ಬಂದಳು. ಮುಂದಿನ ಬೆಂಚಿನ ಬಳಿ ಬಂದವಳು ಅಮ್ಮನನ್ನು ಕಂಡು ನಿಂತುಬಿಟ್ಟಳು. ಆರ್ಗನ್ ನುಡಿಸುವವನು ಗಲಿಬಿಲಿಗೊಂಡು ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದ.

"ಆಟ ಮುಗೀತಾ ಅಮ್ಮ?"

"ಇಲ್ಲ. ಇನ್ನೂ ಅರ್ಧವೂ ಆಗಿಲ್ಲ."

ಜೋಸ್ಲಿನ್ ಇರ್ಮಾ ಕಡೆ ತಿರುಗಿ, "ಆ ಹೂವು ಅಮ್ಮಂಗೆ ಕೊಡಿ ಆಂಟಿ" ಎಂದಳು.