ಕಾಂತಪ್ಪನ ಎಸ್‌ಎಸ್‌ಸಿ

ಘಾಟ್ಕೋಪರ್ ಸ್ಟೇಷನ್ನಿನ ಪೂರ್ವಕ್ಕಿರುವ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಕಾಂತಪ್ಪ ಪೂಜಾರಿಗೆ ಹೋದ ಜೂನ್ ತಿಂಗಳು ಕೆಲಸದ ಮೇಲೆ ಗಮನವೇ ಇರಲಿಲ್ಲ. ದೋಸೆ ತಿಂದವನಿಗೆ ಊಟದ ಬಿಲ್ಲು ಕೊಟ್ಟು ಬೈಸಿಕೊಳ್ಳುತ್ತಿದ್ದ. ಮಗಳು ಯಕ್ಷಿತಾ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಶೇಕಡಾ ಎಪ್ಪತ್ತೊಂಬತ್ತು ಬಂದಿತ್ತು. ಅವಳಿಗೆ ಓದಬೇಕಾಗಿದ್ದದ್ದು ಸೈಕಾಲಜಿ, ಅದೂ ಕನ್ನಡ ಸಂಘದವರು ನಡೆಸುವ, ಮನೆಯಿಂದ ಎರಡು ಸ್ಟೇಷನ್ ಆಚೆಯ ಆ ಒಂದು ಕಾಲೇಜಿನಲ್ಲಿ.

ಸೈಕಾಲಜಿ ಓದಿ ಏನು ಮಾಡುತ್ತಾರೆ ಎಂಬುದು ಕಾಂತಪ್ಪನಿಗೆ ಗೊತ್ತಿರಲಿಲ್ಲ. ಹೋಟೆಲಿನ ಧಣಿಗಳು ಕೇಳಿದಾಗ, ತಲೆ ಕೆಟ್ಟವರನ್ನು ಸರಿ ಮಾಡುವುದಂತೆ ಎಂದು ಹೇಳಿದ. ಹಾಗಾದರೆ ಮುಂಬಯಿಯಲ್ಲಿ ಕೆಲಸಕ್ಕೇನೂ ಕೊರತೆ ಇಲ್ಲ ಬಿಡು ಎಂದು ಧಣಿಗಳು ನಕ್ಕರು. ಗೊತ್ತಿಲ್ಲದಿದ್ದರೇನು, ಕಾಂತಪ್ಪ ಕೈ ಕಟ್ಟಿ ಕೂರುವ ಅಪ್ಪನಲ್ಲ. ಡೊಮಿಸೈಲ್ ಸರ್ಟಿಫಿಕೇಟಿಗಾಗಿ ತಹಸೀಲ್ದಾರರ ಆಫೀಸಿನಲ್ಲಿ ಮೂರು ದಿನ ಸಾಲಿನಲ್ಲಿ ನಿಂತ. ಒಂದು ಸೆಟ್ ಜೆರಾಕ್ಸ್ ಕೇಳಿದರೆ ಹತ್ತು ಸೆಟ್ ಮಾಡಿಸಿದ. ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿ ನೂರ ನಲವತ್ತು ಜನ ದಿನವಿಡೀ ಹರಡುತ್ತಿದ್ದ ಗಾಳಿಸುದ್ದಿಯನ್ನೆಲ್ಲ ಓದಿ, ಎಲ್ಲವನ್ನೂ ನಂಬಿ, ರಕ್ತದೊತ್ತಡ ಏರಿಸಿಕೊಂಡ. ಮಗಳ ಪರೀಕ್ಷೆಯನ್ನು ಅಪ್ಪ ಬರೆಯುವ ಹಾಗಿಲ್ಲ. ಅವಳಿಗಾಗಿ ಸಾಲಿನಲ್ಲಾದರೂ ನಿಲ್ಲಬಹುದಲ್ಲ.

ಆ ಕಾಲೇಜಿನಲ್ಲಿ ಸೈಕಾಲಜಿಯ ಸಾಮಾನ್ಯ ಸೀಟು ಶೇಕಡಾ ಎಂಬತ್ತೆಂಟಕ್ಕೆ ನಿಂತುಹೋಯಿತು. ಉಳಿದದ್ದು ಕನ್ನಡ ಮಾತೃಭಾಷೆಯವರಿಗೆಂದು ಇಟ್ಟಿದ್ದ ಸೀಟು. ಇವರು ಬೈಂದೂರಿನ ಕಡೆಯವರು, ಮನೆಯಲ್ಲಿ ಆಡುವುದು ಕುಂದಾಪುರದ ಕನ್ನಡ, ಇನ್ನೇನು ಬೇಕು ಎಂದು ಕಾಂತಪ್ಪ ಮಗಳನ್ನು ಕರೆದುಕೊಂಡು ಗೆಲುವಿನಿಂದ ಕಾಲೇಜಿನ ಆಫೀಸಿಗೆ ಹೋದ. ಅಲ್ಲಿ ಕೂತಿದ್ದ ಮಹಾದೇವಿ ಮೇಡಮ್ಮು, ಧಾರವಾಡದ ಕಡೆಯ ಹೆಂಗಸು, ಯಕ್ಷಿತಾಳ ಶಾಲೆಯ ಲೀವಿಂಗ್ ಸರ್ಟಿಫಿಕೇಟ್ ತಿರುವಿ ನೋಡಿ ಕನ್ನಡಕ ತೆಗೆದರು. ಮಾತೃಭಾಷೆ ಎಂಬಲ್ಲಿ ಹಿಂದಿ ಎಂದಿತ್ತು.

ಹಾಗೆ ಬರೆಸಿದವನು ಕಾಂತಪ್ಪನೇ. ಯಕ್ಷಿತಾಳನ್ನು ಕೆಜಿಗೆ ಸೇರಿಸುವಾಗ ಬಿಲ್ಡಿಂಗಿನ ಯಾರೋ ಒಬ್ಬ ಬುದ್ಧಿವಂತ, ಕನ್ನಡ ಎಂದು ಬರೆದರೆ ಮಗುವಿಗೆ ಪಾಠ ಅರ್ಥವಾಗುವುದಿಲ್ಲ ಎಂದು ಶಾಲೆಯವರು ಸೀಟೇ ಕೊಡುವುದಿಲ್ಲ ಎಂದು ಹೆದರಿಸಿದ್ದ. ಮಗಳ ಒಳ್ಳೆಯದಕ್ಕೇ ಅಂದು ಹಿಂದಿ ಎಂದು ಬರೆದದ್ದು, ಹದಿನಾಲ್ಕು ವರ್ಷದ ಮೇಲೆ ಅವಳ ಕಾಲಿಗೇ ತೊಡರಿಕೊಂಡಿತು.

ಮಹಾದೇವಿಯವರು ಕೆಟ್ಟವರಲ್ಲ. ಒಂದು ದಾರಿ ತೋರಿಸಿದರು. ತಂದೆಯ ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡ ಎಂದಿದ್ದರೆ ಅಡ್ಮಿಷನ್ ಕಮಿಟಿಯವರು ಒಪ್ಪಿಕೊಳ್ಳುತ್ತಾರೆ, ಗುರುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಅಸಲು ಪ್ರತಿ ತಂದು ತೋರಿಸಬೇಕು ಎಂದರು. ಯಕ್ಷಿತಾಳ ಮುಖ ಅರಳಿತು. ಪಪ್ಪಾ ಕನ್ನಡ ನೈಟ್ ಸ್ಕೂಲಿನಲ್ಲೇ ಹತ್ತನೆಯ ತರಗತಿಯ ಎಸ್‌ಎಸ್‌ಸಿ ಪಾಸಾದವರು ಎಂದು ಅವಳೇ ಹೆಮ್ಮೆಯಿಂದ ಹೇಳಿದಳು. ಕಾಂತಪ್ಪ ಮಾತ್ರ ಬೆವರು ಒರೆಸಿಕೊಂಡ.

ಯಾಕೆಂದರೆ ಕಾಂತಪ್ಪ ಎಸ್‌ಎಸ್‌ಸಿ ಪಾಸಾಗಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ಸಂಜೆ ನೈಟ್ ಸ್ಕೂಲಿಗೆ ಹೋದದ್ದು ಅಪ್ಪಟ ನಿಜ. ಪರೀಕ್ಷೆಗೆ ಕೂತದ್ದೂ ನಿಜ. ಪಾಸಾದದ್ದು ಮಾತ್ರ ಸುಳ್ಳು. ಹೆಣ್ಣು ನೋಡಲು ಹೋದಾಗ ಸೇವಂತಿಯ ಅಪ್ಪ ಓದು ಎಷ್ಟು ಎಂದು ಕೇಳಿದರು, ಇವನ ಬಾಯಿಂದ ಪಾಸು ಎಂದು ಬಂದುಬಿಟ್ಟಿತು. ಒಮ್ಮೆ ಆಡಿದ ಮಾತನ್ನು ನುಂಗಲಾದೀತೇ? ಮಗಳು ಹುಟ್ಟಿ ಶಾಲೆಗೆ ಹೋಗತೊಡಗಿದ ಮೇಲಂತೂ ಅದು ದಿನನಿತ್ಯದ ಉಪದೇಶವಾಯಿತು. ಕೇಳಿದವರಿಗೂ ಕೇಳದವರಿಗೂ ಚಟ್ನಿ ಬಡಿಸಿದ ಹಾಗೆ ಬಡಿಸಿದ. ನಾನು ಗ್ಲಾಸು ತೊಳೆದು ಪಾಸಾದೆ, ನಿನಗೆ ಫ್ಯಾನಿದೆ, ಟ್ಯೂಷನ್ ಇದೆ, ಏನು ಕಷ್ಟ ಎಂದು ಅವಳಿಗೆ ಹೇಳದ ವಾರವಿರಲಿಲ್ಲ.

ಸರ್ಟಿಫಿಕೇಟ್ ಇತ್ತು. ಹೋಟೆಲಿನ ಅಟ್ಟದ ಮೇಲೆ, ಮದುವೆಗೆ ಮೊದಲು ಅವನು ಮಲಗುತ್ತಿದ್ದ ಜಾಗದಲ್ಲಿ, ಅವನ ಹಳೆಯ ಟ್ರಂಕಿನೊಳಗೆ ಭದ್ರವಾಗಿತ್ತು. ಮಾತೃಭಾಷೆ ಕನ್ನಡ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಶಾಲೆ ಬಿಟ್ಟ ಕಾರಣ ಎಂಬಲ್ಲಿ, ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಫೇಲ್ ಎಂದು ಇಂಗ್ಲಿಷಿನಲ್ಲಿ ಅಷ್ಟೇ ಸ್ಪಷ್ಟವಾಗಿ ಬರೆದಿತ್ತು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವ ಉಪಾಯ ಅವನಿಗೆ ಹೊಳೆಯಲಿಲ್ಲ.

ಮನೆಗೆ ಬಂದು, ಅದು ಎರಡು ಸಾವಿರದ ಐದರ ಪ್ರವಾಹದಲ್ಲಿ ಹೋಯಿತು ಎಂದುಬಿಟ್ಟ. ಆ ವರ್ಷದ ಜುಲೈ ಮಳೆ ಮುಂಬಯಿಯ ಎಷ್ಟೋ ಮನೆಗಳ ಕಾಗದಪತ್ರ ಕೊಚ್ಚಿಕೊಂಡು ಹೋಗಿತ್ತು, ಹಾಗಾಗಿ ಸೇವಂತಿ ಸಂಶಯಪಡಲಿಲ್ಲ, ನಿಟ್ಟುಸಿರಿಟ್ಟಳು. ಆದರೆ ಯಕ್ಷಿತಾ ಈಗಿನ ಕಾಲದ ಹುಡುಗಿ, ಸುಮ್ಮನೆ ಕೂರುವವಳಲ್ಲ. ಆ ನೈಟ್ ಸ್ಕೂಲಿನ ದಾಖಲೆಗಳು ಈಗ ಎಲ್ಲಿವೆ ಎಂದು ಅರ್ಧ ದಿನ ಫೋನಿನಲ್ಲಿ ಹುಡುಕಿದಳು, ನಾಲ್ಕು ಕಡೆ ಮಾತನಾಡಿದಳು. ನಕಲು ಪ್ರತಿ ಕೊಡಲು ಎಂಟು ದಿನ ಬೇಕು ಎಂದರು. ಅವಳು ಹುಡುಕುತ್ತಿದ್ದಷ್ಟು ಹೊತ್ತೂ ಕಾಂತಪ್ಪ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದ.

ಬುಧವಾರ ಬೆಳಿಗ್ಗೆ ಹೋಟೆಲಿನಲ್ಲಿ ಗಿಜಿಗಿಜಿ. ಬಿಲ್ಲು ಹರಿಯುತ್ತಾ ಕಾಂತಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮುಲುಂಡಿನ ಕಾಲೇಜೊಂದರಲ್ಲಿ ಬಿ.ಕಾಂ. ಸೀಟು ಸಿಕ್ಕಿದೆ. ಬಿ.ಕಾಂ. ಏನು ಕಡಿಮೆಯೇ? ಬ್ಯಾಂಕಿನಲ್ಲಿ ಕೆಲಸ ಸಿಗುತ್ತದೆ. ತಲೆ ಕೆಟ್ಟವರ ಸಹವಾಸ ಹೆಣ್ಣುಮಗಳಿಗೆ ಯಾಕೆ? ಇನ್ನೊಂದೇ ದಿನ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿದುಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಇಂಥ ಲೆಕ್ಕಾಚಾರ ಮಾಡಿದ ಅಪ್ಪ ಲೋಕದಲ್ಲಿ ಇವನೊಬ್ಬನೇ ಅಲ್ಲ ಬಿಡಿ. ಮಕ್ಕಳೆದುರು ಚಿಕ್ಕವರಾಗುವುದು ಯಾರಿಗೆ ಬೇಕು?

ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಯಕ್ಷಿತಾ ಅವನ ಪಕ್ಕ ಬಂದು ಕೂತಳು. ಅತ್ತದ್ದು ಕಣ್ಣಲ್ಲಿ ಕಾಣುತ್ತಿತ್ತು, ಆದರೂ ನಗುಮುಖ ಮಾಡಿಕೊಂಡಿದ್ದಳು.

“ಪಪ್ಪಾ, ಟೆನ್ಶನ್ ಮತ್ ಲೋ. ಪ್ರವಾಹ ಬಂದ್ರೆ ನೀವು ಎಂತ ಮಾಡೋದು? ನಿಮ್ದು ಮಿಸ್ಟೇಕ್ ಅಲ್ಲ. ನಾನು ಬಿ.ಕಾಂ. ಮಾಡ್ತೇನೆ, ಚಲೇಗಾ.”

ಅವಳು ಬೈದಿದ್ದರೆ, ನಿಮ್ಮಿಂದಲೇ ಹೀಗಾಯಿತು ಎಂದಿದ್ದರೆ, ಕಾಂತಪ್ಪ ಬಹುಶಃ ಸುಳ್ಳನ್ನು ಹಾಗೇ ಹೊತ್ತುಕೊಂಡು ಹೋಗುತ್ತಿದ್ದ. ಇಲ್ಲದ ಪ್ರವಾಹಕ್ಕೆ ಅವಳು ಅವನನ್ನು ಕ್ಷಮಿಸಿದಳು. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಹೋಟೆಲಿಗೆ ಹೋಗಿ ನೇರ ಅಟ್ಟ ಹತ್ತಿ ಟ್ರಂಕು ತೆಗೆದ. ಸರ್ಟಿಫಿಕೇಟ್ ಸಿಕ್ಕಿದೆ, ನಾಳೆ ಕಾಲೇಜಿಗೆ ಹೋಗೋಣ ಎಂದು ಮಗಳಿಗೆ ಫೋನಿನಲ್ಲಿ ಹೇಳಿದ. ಆ ಕಡೆಯಿಂದ ಅವಳು ಸಂತೋಷಪಟ್ಟದ್ದನ್ನು ಕೇಳಲಾಗದೆ ಬೇಗ ಇಟ್ಟುಬಿಟ್ಟ.

ಗುರುವಾರ ಹನ್ನೊಂದು ಗಂಟೆಗೆ ಅಪ್ಪ ಮಗಳು ಕಾಲೇಜಿನ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಮಹಾದೇವಿಯವರು ಇನ್ನೊಂದು ಫಾರ್ಮು ಕೊಟ್ಟು, ತುಂಬಿಸಿ ತನ್ನಿ ಎಂದಿದ್ದರು. ಯಕ್ಷಿತಾ ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಾ ಹೋದಳು. ಹೆಸರು, ವಿಳಾಸ, ತಂದೆಯ ಉದ್ಯೋಗ. ತಂದೆಯ ವಿದ್ಯಾರ್ಹತೆ ಎಂಬ ಸಾಲಿಗೆ ಬಂದು ಎಸ್ ಎಂಬ ಅಕ್ಷರ ಬರೆಯುವಷ್ಟರಲ್ಲಿ ಕಾಂತಪ್ಪ ಅವಳ ಕೈ ಹಿಡಿದ.

“ಅದ್ ಬರೀಬೇಡ ಮಗಾ. ಮೊದ್ಲ್ ಇದ್ನ್ ಕಾಣ್” ಎಂದು ಪ್ಲಾಸ್ಟಿಕ್ ಫೈಲಿನಿಂದ ಸರ್ಟಿಫಿಕೇಟ್ ತೆಗೆದು ಅವಳ ಮಡಿಲಲ್ಲಿಟ್ಟ.

ಅವಳು ಮೇಲಿನಿಂದ ಓದಿದಳು. ಮಾತೃಭಾಷೆ ಓದಿ ಸಂತೋಷದಿಂದ ತಲೆಯಾಡಿಸಿದಳು. ಆಮೇಲೆ ಕೆಳಗಿನ ಸಾಲಿಗೆ ಬಂದಳು, ಅಲ್ಲೇ ನಿಂತಳು. ಇನ್ನೊಮ್ಮೆ ಓದಿದಳು.

“ನಾನ್ ಪಾಸ್ ಆಯ್ಲಿಲ್ಲೆ. ಇಷ್ಟ್ ವರ್ಷ ಹೇಳಿದ್ದೆಲ್ಲ ಸುಳ್ಳ್. ಪ್ರವಾಹದ್ದೂ ಸುಳ್ಳ್.”

ಯಕ್ಷಿತಾ ಅವನ ಕಡೆ ತಿರುಗಲಿಲ್ಲ. ಮಾತು ಬಂದಾಗ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಬಂತು.

“ನೈಂತ್‌ನಲ್ಲಿ ನಂಗೆ ಮ್ಯಾಥ್ಸ್‌ನಲ್ಲಿ ಥರ್ಟಿ ಒನ್ ಬಂದಿತ್ತು. ಆಪ್ ದಸ್ ದಿನ್ ಮುಝ್‌ಸೆ ಬಾತ್ ನಹೀ ಕಿಯೇ. ಯಾದ್ ಹೈ?”

ನೆನಪಿರದೆ ಏನು? ತಾನು ಮಾತು ಬಿಟ್ಟಿದ್ದ ಆ ಹತ್ತು ದಿನ ಅವಳು ಬಾಗಿಲ ಹಿಂದೆ ನಿಂತು, ಇವನು ಕರೆಯುತ್ತಾನೋ ಎಂದು ಕಾಯುತ್ತಿದ್ದದ್ದನ್ನು ಅವನು ನೋಡಿದ್ದ. ನೋಡಿಯೂ ಕರೆದಿರಲಿಲ್ಲ. ಅವನು ತಲೆ ತಗ್ಗಿಸಿದ.

“ನೆನಪಿತ್ತ್ ಮಗಾ. ನಿನ್ ಮೇಲ್ ಸಿಟ್ಟಲ್ಲ ಅದ್. ನನ್ನ ಹಾಂಗೇ ಆತ್ಯೋ ಅಂತ ಹೆದ್ರಿಕಿ. ನಂದ್ ತಪ್ಪಾಯ್ತ್.”

ಅಷ್ಟರಲ್ಲಿ ಒಳಗಿನಿಂದ ಹೆಸರು ಕರೆದರು. ಯಕ್ಷಿತಾ ಕಣ್ಣೊರೆಸಿಕೊಂಡು ಎದ್ದಳು. ಮಹಾದೇವಿಯವರು ಸರ್ಟಿಫಿಕೇಟಿನ ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟು, ಕನ್ನಡ ಅದ, ಸಾಕು ಎಂದರು. ಕಾಂತಪ್ಪ ಮೂವತ್ತು ವರ್ಷ ಬಚ್ಚಿಟ್ಟ ಸಾಲಿನ ಕಡೆ ಅವರು ಕಣ್ಣೂ ಹಾಯಿಸಲಿಲ್ಲ. ಆಮೇಲೆ ಫಾರ್ಮು ನೋಡಿ, ತಂದೆಯ ವಿದ್ಯಾರ್ಹತೆ ಅರ್ಧಕ್ಕೇ ಬಿಟ್ಟಿದ್ದೀರಲ್ಲ ಎಂದು ಕೇಳಿದರು. ಯಕ್ಷಿತಾ ಪೆನ್ನನ್ನು ಮೇಜಿನ ಮೇಲಿಟ್ಟಳು, ತಾನು ಬರೆಯಲಿಲ್ಲ. ಕಾಂತಪ್ಪ ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ ಎಂದು ಕೇಳಿ, ಅವಳ ಅಕ್ಷರದ ಮುಂದೆ ಗುಂಡಗೆ ನಾಪಾಸು ಎಂದು ಬರೆದ. ಮಹಾದೇವಿಯವರು ಅದನ್ನು ಓದಿ ಮುದ್ರೆ ಒತ್ತಿದರು.

ಎರಡು ದಿನ ಯಕ್ಷಿತಾ ಅವನ ಜೊತೆ ಮಾತನಾಡಲಿಲ್ಲ. ಸೇವಂತಿಗೆ ಅವನೇ ಎಲ್ಲ ಹೇಳಿದ. ಅವಳು, ನಮ್ಮಪ್ಪ ಗ್ಲಾಸು ತೊಳೆದವನನ್ನು ನೋಡಿ ಹೆಣ್ಣು ಕೊಟ್ಟದ್ದೇ ಹೊರತು ಎಸ್‌ಎಸ್‌ಸಿ ನೋಡಿ ಅಲ್ಲ ಎಂದು ಬೈದು, ತರಕಾರಿ ಹೆಚ್ಚಲು ಹೋದಳು. ಹೆಂಡತಿಯದು ಅಲ್ಲಿಗೆ ಮುಗಿಯಿತು. ಮಗಳದು ಮುಗಿಯಲಿಲ್ಲ. ಅವಳ ಮೌನ ನ್ಯಾಯವಾದದ್ದು ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ನೋಯುತ್ತಿತ್ತು.

ಶನಿವಾರ ನಾಲ್ಕು ಗಂಟೆ, ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಿರುವ ಹೊತ್ತು. ಯಕ್ಷಿತಾ ಕೊಡೆ ಮಡಚುತ್ತಾ ಒಳಗೆ ಬಂದು ಗಲ್ಲಾದ ಪಕ್ಕದ ಟೇಬಲಿನಲ್ಲಿ ಕೂತಳು. ಲಿಸ್ಟ್ ಬಂದಿದೆ, ನನ್ನ ಹೆಸರಿದೆ ಎಂದಳು. ಮಮ್ಮಿಗೂ ಇನ್ನೂ ಹೇಳಿಲ್ಲ ಎಂದಳು. ಕಾಂತಪ್ಪನಿಗೆ ಕಣ್ಣೀರು ತಡೆಯಲಾಗಲಿಲ್ಲ. ಅವನು ಗಲ್ಲಾ ಬಿಟ್ಟು ಎದ್ದು ಬಂದು ಅವಳೆದುರು ಕೂತ.

ಅವಳು ಕೇಳಿದಳು, ಪರೀಕ್ಷೆಯ ದಿನ ಏನಾಗಿತ್ತು, ಪೇಪರ್ ಕಷ್ಟವಿತ್ತೇ ಎಂದು. ಇದನ್ನು ಈವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಅವನೂ ಯಾರಿಗೂ ಹೇಳಿರಲಿಲ್ಲ.

“ಪೇಪರ್ ಓದ್ಲೇ ಇಲ್ಲೆ ಮಗಾ. ಲೆಕ್ಕದ ಪರೀಕ್ಷೆ. ಮೂರೂವರೆಗೆ ಎದ್ದ್ ಹಿಟ್ಟ್ ರುಬ್ಬಿ, ಬೆಳಗಿನ ಕೆಲ್ಸ ಎಲ್ಲ ಮುಗ್ಸಿ ಹೋದದ್ದ್. ಬೆಂಚಿನ ಮೇಲ್ ಕೂತದ್ದೇ ನಿದ್ರಿ ಬಂದ್‌ಬಿಟ್ತ್. ಮಾಸ್ತರ್ ಎಬ್ಸುವಾಗ ಅರ್ಧ ಗಂಟಿ ಮಾತ್ರ ಉಳ್ದಿತ್ತ್.”

ಯಕ್ಷಿತಾ ಅಪ್ಪನ ಕೈಗಳನ್ನೇ ನೋಡುತ್ತಿದ್ದಳು. ನಿದ್ದೆ ಬಂತು ಎಂದು ಹೇಳಿದ್ದರೆ ಯಾರು ಏನು ಅನ್ನುತ್ತಿದ್ದರು ಎಂದು ಕೇಳಿದಳು. ನಾಚಿಕೆಯಾಯಿತು ಎಂದ ಅವನು. ಅವಳಿಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು, ಎರಡನ್ನೂ ಮಾಡಲಿಲ್ಲ. ಬ್ಯಾಗಿನಿಂದ ಅಡ್ಮಿಷನ್ನಿನ ಕಾಗದ ತೆಗೆದು ಟೇಬಲಿನ ಮೇಲಿಟ್ಟಳು. ಸೋಮವಾರ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು, ಅಲ್ಲೂ ಅದೇ ವಿದ್ಯಾರ್ಹತೆಯ ಸಾಲಿದೆ, ಈ ಸಲ ನಾನೇ ಬರೆಯುತ್ತೇನೆ ಎಂದಳು.

“ಎಂತ ಬರೀತೆ?” ಎಂದ ಕಾಂತಪ್ಪ.

“ಇದ್ದದ್ದನ್ನೇ” ಎಂದು ಅವಳು ಅಲ್ಲೇ, ಅವನೆದುರಿಗೇ, ಅವನ ಹೆಸರಿನ ಮುಂದೆ ಬಿಡಿಬಿಡಿಯಾಗಿ ಕನ್ನಡ ಅಕ್ಷರಗಳನ್ನು ಕೂಡಿಸಿ ಬರೆಯತೊಡಗಿದಳು: ನೈಟ್ ಸ್ಕೂಲ್, ಹತ್ತನೆಯ ತರಗತಿಯವರೆಗೆ, ಕೆಲಸ ಮಾಡುತ್ತಾ.